ಮೂಡಲಗಿಯ ಶಾವಿಗೆ ತಕರಾರು

ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಹಾಲಿನವಳು ಇವತ್ತಿನ ಹಾಲು ಗಟ್ಟಿ ಇದೆ ಎಂದರೆ ಪಾತ್ರೆ ಅಲುಗಿಸಿ ನೋಡುತ್ತೇನೆ. ಮೊಮ್ಮಕ್ಕಳು ‘ಟ್ರಸ್ಟ್ ಮಿ ಅಜ್ಜಿ’ ಎಂದ ಕೂಡಲೇ ಕನ್ನಡಕ ಹುಡುಕುತ್ತೇನೆ. ಇದು ಹುಟ್ಟುಗುಣವಲ್ಲ. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು. ಹದಿನೈದನೆಯ ವಯಸ್ಸಿನಲ್ಲಿ ನಾನು ಅದನ್ನು ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯ ಬಾಯಾರ ಮೇಲೆ ಪ್ರಯೋಗ ಮಾಡಿದೆ. ಬಾಯಾರು ಎಂದರೆ ಟೀಚರ್. ನಮ್ಮ ಕಡೆ ಆಗ ಹಾಗೇ ಕರೆಯುತ್ತಿದ್ದರು. ಆಕೆ ಮೂಡಲಗಿಯಲ್ಲಿ ಇರಬೇಕೋ, ಅಲ್ಲಿಂದ ಹೋಗಬೇಕೋ ಎಂಬುದು ಆ ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತ ಪ್ರಶ್ನೆ.

ಗೋಕಾಕದಲ್ಲಿ ಅಪ್ಪನದು ಬೆಲ್ಲದ ಅಡತಿ ಅಂಗಡಿ. ಊರಲ್ಲಿ ಮರ್ಯಾದಸ್ಥರೆಂದು ಅವರನ್ನು ತಾಲ್ಲೂಕಿನ ಸಾಲೆ ಕಮಿಟಿಗೆ ಅಧ್ಯಕ್ಷರನ್ನಾಗಿ ಮಾಡಿದ್ದರು. ಮಾಸ್ತರರ ಮೇಲೋ ಬಾಯಾರ ಮೇಲೋ ತಕರಾರು ಬಂದರೆ ಅದು ಮೊದಲು ಬೆಳಗಾವಿಗೆ, ಸಾಲೆಗಳ ಇನ್‌ಸ್ಪೆಕ್ಟರರಾದ ದಿಪೋಟಿ ಸಾಹೇಬರ ಆಫೀಸಿಗೆ ಹೋಗುತ್ತಿತ್ತು. ಅವರು ಅದಕ್ಕೊಂದು ಚೀಟಿ ಲಗತ್ತಿಸಿ ‘ಚೌಕಶಿ ಮಾಡಿ ವರದಿ ಕಳಿಸಿರಿ’ ಎಂದು ಅಪ್ಪನಿಗೆ ಕಳಿಸುತ್ತಿದ್ದರು. ಕಮಿಟಿಯ ಮೂವರು ಆ ಊರಿಗೆ ಹೋಗಿ, ಎಲ್ಲರನ್ನೂ ಕೇಳಿ, ಬರೆದುಕೊಂಡು ಬರಬೇಕು. ಕೊನೆಯ ಹುಕುಂ ಸಾಹೇಬರದು. ಸಾಹೇಬರು ಮರಾಠಿಯವರು, ಕನ್ನಡ ಮಾತಾಡುತ್ತಿದ್ದರೇ ಹೊರತು ಓದುವ ತಾಳ್ಮೆ ಇರಲಿಲ್ಲ. ಹಾಗಾಗಿ ವರದಿಯ ಜೊತೆ ಒಂದು ಇಂಗ್ಲಿಷ್ ಪ್ರತಿ. ಮೊದಲೆಲ್ಲ ವಕೀಲರ ಗುಮಾಸ್ತರು ಬರೆದುಕೊಡುತ್ತಿದ್ದರು. ಆ ವರ್ಷ ಇಂಗ್ಲಿಷ್ ನಮ್ಮ ಮನೆಯಲ್ಲೇ ರಜೆಗೆ ಬಂದು ಮಾವಿನಕಾಯಿ ತಿನ್ನುತ್ತ ಕುಳಿತಿತ್ತು.

ತಕರಾರಿಗೆ ಸಹಿ ಇರಲಿಲ್ಲ. ‘ಊರ ಹಿರಿಯರು’ ಎಂದಷ್ಟೇ ಇತ್ತು. ಬಾಯಾರು ಸಾಲೆಯ ಹೊತ್ತಿನಲ್ಲಿ ಹನ್ನೊಂದು ಹುಡುಗಿಯರನ್ನು ತಮ್ಮ ಮನೆಗೆ ಕರೆದೊಯ್ದು ಶಾವಿಗೆ ಹೊಸೆಸುತ್ತಾರೆ, ಮಕ್ಕಳಿಗೆ ಓದು ಬರಹ ಆಗುತ್ತಿಲ್ಲ, ಇಂಥವರು ನಮ್ಮ ಊರಿಗೆ ಬೇಡ. ಇಷ್ಟೇ. ನಾನು ಪತ್ರಕ್ಕಿಂತ ಲಕೋಟೆಯನ್ನು ಹೆಚ್ಚು ನೋಡಿದೆ. ಅಂಚೆ ಮುದ್ರೆ ಹುಕ್ಕೇರಿಯದು. ಮೂಡಲಗಿಯ ಹಿರಿಯರು ಮೂಡಲಗಿಯ ತಕರಾರನ್ನು ಹುಕ್ಕೇರಿಗೆ ಹೋಗಿ ಯಾಕೆ ಟಪಾಲಿಗೆ ಹಾಕಬೇಕು? ವೆರಿ ಸಸ್ಪಿಶಸ್ ಎಂದು ನನಗೆ ನಾನೇ ಹೇಳಿಕೊಂಡೆ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು.

“ಆಕೀನ ಅಲ್ಲೇನ, ಸೆರಗಿಗೆ ಪಿನ್ನಾ ಹಾಕ್ಕೊಂಡ ಬರಾಕಿ? ಗಂಡ ತೀರಕೊಂಡ ಮ್ಯಾಲ ಟ್ರೇನಿಂಗ್ ಮಾಡಿಕೊಂಡಾಳಂತ. ಏಳು ವರ್ಷದ ಮಗಳನ್ನ ಹುಕ್ಕೇರಿಯೊಳಗ ಅತ್ತಿ ಮನ್ಯಾಗ ಬಿಟ್ಟಾಳ. ತಿಂಗಳಿಗೊಮ್ಮೆ ಹೋಗಿ ಮಾರಿ ನೋಡಿ ಬರತಾಳ.”

“ಅದರದು ಇದರದು ಏನ ಸಂಬಂಧ?” ಎಂದರು ಅಪ್ಪ.

“ನಾ ಸಂಬಂಧ ಐತಿ ಅಂದ್ನೇನು? ಗೊತ್ತಿದ್ದದ್ದು ಹೇಳಿದೆ.”

ನಾನು ಅದನ್ನು ಗಾಸಿಪ್ ಎಂದು ಬದಿಗಿಟ್ಟೆ. ನನ್ನ ತಲೆಯಲ್ಲಿ ಆಗಲೇ ಬೇರೊಬ್ಬರು ಸುಳಿಯುತ್ತಿದ್ದರು. ಮೂಡಲಗಿಯ ಗಂಡುಮಕ್ಕಳ ಸಾಲೆಯ ಹೆಡ್‌ಮಾಸ್ತರರು ಕಮಿಟಿಯ ಮೆಂಬರರೂ ಹೌದು. ಅವರ ಬೀಗರು ಹುಕ್ಕೇರಿಯವರು. ಹೆಣ್ಣುಮಕ್ಕಳ ಸಾಲೆಯ ಎರಡು ಖೋಲಿಗಳು ತಮ್ಮ ಸಾಲೆಗೆ ಸಿಕ್ಕರೆ ಚಲೋ ಎಂದು ನಮ್ಮ ಪಡಸಾಲೆಯಲ್ಲೇ ಕುಳಿತು ಒಮ್ಮೆ ಅಂದಿದ್ದರು. ನಶ್ಯ ಏರಿಸುತ್ತಿದ್ದರು, ಕಾರಣವಿಲ್ಲದೆ ನಗುತ್ತಿದ್ದರು. ಹದಿನೈದರ ಹುಡುಗಿಗೆ ಇಷ್ಟು ಎವಿಡೆನ್ಸ್ ಸಾಕಲ್ಲವೇ?

ಹೊರಡುವ ಬೆಳಿಗ್ಗೆ ಅಪ್ಪನ ಕೈಚೀಲ ತುಂಬುವಾಗ ಮಡಿಸಿದ ಒಂದು ಹಾಳೆ ಸಿಕ್ಕಿತು. ಅಪ್ಪನದೇ ಅಕ್ಷರ. ‘ಸದರಿ ಬಾಯಾರನ್ನು ಹುಕ್ಕೇರಿಗೆ ಬದಲಿ ಮಾಡುವುದು ಯೋಗ್ಯವೆಂದು ಕಮಿಟಿಯ ಅಭಿಪ್ರಾಯ.’ ಚೌಕಶಿ ಇನ್ನೂ ಆಗಿಲ್ಲ, ಯಾರನ್ನೂ ಕೇಳಿಲ್ಲ, ಕಮಿಟಿ ಇನ್ನೂ ಒಂದೆಡೆ ಕೂತೂ ಇಲ್ಲ. ಅಭಿಪ್ರಾಯ ಮಾತ್ರ ಚೀಲದಲ್ಲಿ ರೆಡಿ! ನನ್ನ ಅಪ್ಪನನ್ನು ನಾನು ಅನುಮಾನಿಸಿದ್ದು ಜೀವನದಲ್ಲಿ ಅದೇ ಮೊದಲು. ಹಾಳೆಯನ್ನು ಇದ್ದ ಹಾಗೇ ಮಡಿಸಿಟ್ಟೆ.

ಸರ್ವಿಸ್ ಮೋಟಾರಿನಲ್ಲಿ ಧೂಳು ಕುಡಿಯುತ್ತ ಹೋಗುವಾಗ ಸುತ್ತು ಹಾಕಿ ಕೇಳಿದೆ.

“ಅಪ್ಪಾ, ತಕರಾರು ಖರೆ ಆದ್ರ ಬಾಯಾರಿಗೆ ಏನ ಮಾಡತಾರ?”

“ಬದಲಿ ಮಾಡತಾರ.”

“ಸುಳ್ಳಾದ್ರ?”

“ಆವಾಗೂ ಬದಲಿನ. ಖರೆ ಆದ್ರ ಶಿಕ್ಷಾ ಅಂತ, ಸುಳ್ಳಾದ್ರ ಊರಿನ ಜೋಡಿ ಮನಸ್ಸು ಕೆಟ್ಟೈತಿ ಅಂತ. ಎಷ್ಟ ಚೌಕಶಿ ನೋಡೇನಿ ನಾ. ಇಲ್ಲೀ ಮಟಾ ಒಬ್ಬರ ನೌಕರಿನೂ ಹೋಗಿಲ್ಲ, ಒಬ್ಬರೂ ಅದ ಊರಾಗ ಉಳದಿಲ್ಲ.”

“ಅದು ಅನ್‌ಫೇರ್ ಅಪ್ಪಾ!”

ಅಪ್ಪ ಕಿಟಕಿಯ ಹೊರಗೆ ನೋಡಿದರು. ಕಬ್ಬು ಕಡಿದ ಹೊಲಗಳು, ಅಲ್ಲಲ್ಲಿ ಗಾಣದ ಕರಿ ಒಲೆಗಳು. “ಇರಬೇಕವ್ವಾ” ಎಂದರು. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ, ಉತ್ಸಾಹವೂ ಇರಲಿಲ್ಲ. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಸಾಲೆಯೆಂದರೆ ಒಂದು ಪಡಸಾಲೆ, ಎರಡು ಖೋಲಿ, ಅಂಗಳದಲ್ಲಿ ಬೇವಿನ ಮರ. ಬಾಯಾರು ಬಾಗಿಲಲ್ಲೇ ಕೈಮುಗಿದರು. ಮೂವತ್ತರ ಒಳಗಿನ ಹೆಂಗಸು, ಬಿಳಿ ಇಳಕಲ್ ಸೀರೆ, ಹೌದು, ಸೆರಗಿಗೆ ಪಿನ್ನು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ಅಪ್ಪ ಕೇಳಿದ್ದಕ್ಕೆ “ಹುಡಿಗ್ಯಾರನ್ನ ಕೇಳ್ರಿ ಸಾವಕಾರ್ರ, ಅವರು ಹೇಳಿದ್ದಕ್ಕ ನನ್ನ ಒಪ್ಪಿಗಿ ಐತಿ” ಎಂದು ಹೋಗಿ ಬೇವಿನ ಕೆಳಗಿನ ಕಟ್ಟೆಯ ಮೇಲೆ ಕುಳಿತರು. ಪದ್ಧತಿ ಹಾಗೇ ಇತ್ತು. ತಕರಾರು ಯಾರ ಮೇಲಿದೆಯೋ ಅವರು ಕಣ್ಣಿಗೆ ಕಾಣುವಲ್ಲಿರಬೇಕು, ಒಳಗೆ ಇರಬಾರದು.

ಒಳಗೆ ಅಪ್ಪ, ಹೆಡ್‌ಮಾಸ್ತರರು, ಮತ್ತು ಮೂರನೆಯ ಮೆಂಬರು, ಊರೆಲ್ಲ ಚಾಚಾ ಎನ್ನುತ್ತಿದ್ದ ಬಟ್ಟೆ ಅಂಗಡಿಯ ಮುದುಕರು. ಬರೆದುಕೊಳ್ಳಲು ನಾನು. ಹೆಡ್‌ಮಾಸ್ತರರು ಎದ್ದು ಹೋಗಿ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆತರುತ್ತಿದ್ದರು. ಅವರೇ ಯಾಕೆ ಕರೆತರಬೇಕು, ಬಾಗಿಲಿನ ಆಚೆ ಕಿವಿಯಲ್ಲಿ ಏನಾದರೂ ಊದುತ್ತಾರೋ ಎಂದು ನಾನು ಕತ್ತು ಉದ್ದ ಮಾಡಿ ನೋಡುತ್ತಿದ್ದೆ.

ಮೊದಲನೆಯ ಹುಡುಗಿ ಕೈ ಕಟ್ಟಿ, ಗೋಡೆಯ ಮೇಲಿನ ನಕಾಶೆಗೆ ಕಣ್ಣು ನೆಟ್ಟು ಶುರು ಮಾಡಿದಳು: “ಬಾಯಾರು ನಮ್ಮನ್ನ ಸಾಲಿ ಹೊತ್ತಿನ್ಯಾಗ ಅವರ ಮನೀಗಿ ಕರಕೊಂಡು ಹೋಗತಾರ್ರಿ. ಶಾವಿಗಿ ಮಣಿ ಮ್ಯಾಲ ಕುಂಡ್ರಸತಾರ್ರಿ. ಶಾವಿಗಿ ಹೊಸಸತಾರ್ರಿ. ನಮಗ ಓದು ಬರಹ ಆಗೂದಿಲ್ರಿ.”

ಎರಡನೆಯವಳು ಬಂದಳು. ಕೈ ಕಟ್ಟಿದಳು. ನಕಾಶೆ. “ಬಾಯಾರು ನಮ್ಮನ್ನ ಸಾಲಿ ಹೊತ್ತಿನ್ಯಾಗ...” ಅದೇ ನಾಲ್ಕು ಸಾಲು, ಅದೇ ಜಾಗದಲ್ಲಿ ಉಸಿರು. ಮೂರನೆಯವಳದೂ ಹಾಗೇ. ನಾಲ್ಕನೆಯವಳಿಗೆ ನಾನು ಬರೆಯುವುದನ್ನೇ ನಿಲ್ಲಿಸಿ ‘ಡಿಟ್ಟೋ’ ಎಂದು ಹಾಕಿದೆ.

ಚಾಚಾ ತೂಕಡಿಕೆಯಿಂದ ಎದ್ದು ತೊಡೆ ತಟ್ಟಿದರು. “ಎಲ್ಲಾರ ಬಾಯಾಗೂ ಒಂದ ಮಾತು! ಇನ್ನೇನ ಸಾಕ್ಷಿ ಬೇಕ್ರಿ ಸಾವಕಾರ್ರ? ಮೂರ ಮಂದಿ ಅಣ್ಣತಮ್ಮರು ಒಂದ ಮಾತ ಹೇಳೂದಿಲ್ಲ ಈಗಿನ ಕಾಲದಾಗ.”

“ಖರೆ ಅದ” ಎಂದು ಹೆಡ್‌ಮಾಸ್ತರರು ನಕ್ಕು ನಶ್ಯ ಏರಿಸಿದರು.

ಆ ಸಾಲೆಯಲ್ಲಿ ಕಲಿಯುವುದೆಂದರೆ ಒಬ್ಬಳು ಹೇಳಿಕೊಡುವುದು, ಉಳಿದವರು ಒಕ್ಕೊರಲಿನಿಂದ ಅನ್ನುವುದು. ಎಲ್ಲರೂ ಒಂದೇ ಥರ ಹೇಳಿದರೆ ಅದು ಸರಿ ಉತ್ತರ. ನನ್ನ ಕಾನ್ವೆಂಟಿನಲ್ಲಿ ಒಮ್ಮೆ ಕಾಂಪೊಜಿಶನ್ನಿನಲ್ಲಿ ಮೂವರು ಹುಡುಗಿಯರು ಆಕಳ ಬಗ್ಗೆ ಒಂದೇ ವಾಕ್ಯ ಬರೆದಿದ್ದಕ್ಕೆ ಸಿಸ್ಟರ್ ಮೂವರಿಗೂ ಸೊನ್ನೆ ಕೊಟ್ಟು, ಯಾರು ಯಾರಿಂದ ಕಾಪಿ ಮಾಡಿದರೆಂದು ಊಟದ ಗಂಟೆಯವರೆಗೂ ನಿಲ್ಲಿಸಿದ್ದರು. ಐದನೆಯ ಹುಡುಗಿ ಎರಡನೆಯ ಸಾಲಿಗೆ ಬಂದಾಗ ನಾನು ತಡೆದೆ.

“ಶಾವಿಗಿ ಮಣಿ ಎಲ್ಲಿ ಇಟ್ಟಿದ್ರು? ಪಡಸಾಲ್ಯಾಗೋ, ಅಂಗಳದಾಗೋ?”

ಹುಡುಗಿ ಕಣ್ಣು ಮಿಟುಕಿಸಿದಳು. ತುಟಿ ಒದ್ದೆ ಮಾಡಿಕೊಂಡಳು. ಆಮೇಲೆ ಮೊದಲಿನಿಂದ: “ಬಾಯಾರು ನಮ್ಮನ್ನ ಸಾಲಿ ಹೊತ್ತಿನ್ಯಾಗ...”

“ಅದಲ್ಲ. ಮಣಿ ಮ್ಯಾಲ ಒಬ್ಬರು ಕುಂತು ಹೊಸದ್ರ, ಕೆಳಗ ಎಳಿ ಹಿಡದು ಕೋಲಿಗೆ ಹಾಕೂದು ಯಾರು?”

“ಬಾಯಾರು ನಮ್ಮನ್ನ...” ಕಣ್ಣಲ್ಲಿ ನೀರು ತುಂಬಿತು.

“ಸಾಕು, ಬಿಡು ಅಕೀನ್ನ” ಎಂದರು ಅಪ್ಪ, ಎಂದಿಗಿಂತ ಒರಟಾಗಿ.

ನಾನು ಕಿಟಕಿಯ ಕಡೆ ನೋಡಿದೆ. ಬೇವಿನ ಕೆಳಗೆ ಬಾಯಾರ ತುಟಿಗಳು ಅಲುಗುತ್ತಿದ್ದವು. ಹುಡುಗಿ ನಿಂತಲ್ಲಿ ನಿಂತವು, ಶುರು ಮಾಡಿದಲ್ಲಿ ಶುರುವಾದವು. ಪಾಪ, ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟೆಲ್ಲ ಅನುಮಾನದ ನಾನು, ಅನುಮಾನಿಸಬೇಕಾದ ಒಂದೇ ಒಂದನ್ನು ಕಂಡು ಕರುಣೆ ಪಟ್ಟೆ.

ಮನೆಗೆ ಬಂದು ಎರಡು ದಿನ ಇಂಗ್ಲಿಷ್ ಪ್ರತಿ ಬರೆದೆ. ಅಪ್ಪನ ಕನ್ನಡ ವರದಿಯಲ್ಲಿ ಹುಡುಗಿಯರ ಮಾತು ಇತ್ತು, ಕೊನೆಗೆ ಹುಕ್ಕೇರಿಗೆ ಬದಲಿಯ ಆ ಸಾಲು ಇತ್ತು. ನಾನು ಹುಡುಗಿಯರ ಮಾತನ್ನು ಇಟ್ಟೆ. ಬದಲಿಯ ಸಾಲನ್ನು ಬಿಟ್ಟೆ. ಚೌಕಶಿಗೆ ಮೊದಲೇ ಬರೆದದ್ದು ಪ್ರೆಜುಡಿಸ್ ಅಲ್ಲವೇ? ಅದರ ಜಾಗದಲ್ಲಿ ನನ್ನದೇ ಒಂದು ಪ್ಯಾರಾಗ್ರಾಫ್: ನಡುವೆ ಪ್ರಶ್ನೆ ಕೇಳಿದರೆ ಹುಡುಗಿಯರು ಮೊದಲಿನಿಂದ ಶುರು ಮಾಡುತ್ತಾರೆ, ಆದ್ದರಿಂದ ಇವರು ಟ್ಯೂಟರ್ಡ್; ಲಕೋಟೆಯ ಮುದ್ರೆ ಹುಕ್ಕೇರಿಯದು; ಕಮಿಟಿಯಲ್ಲೇ ಒಬ್ಬರಿಗೆ ಹುಕ್ಕೇರಿಯಲ್ಲಿ ಬೀಗರಿದ್ದಾರೆ, ಆ ಖೋಲಿಗಳ ಮೇಲೆ ಕಣ್ಣೂ ಇದೆ. ಅಪ್ಪ ಕನ್ನಡ ಪ್ರತಿಗೆ ಸಹಿ ಮಾಡಿದರು. ಇಂಗ್ಲಿಷಿನದನ್ನು “ಎಲ್ಲಾ ಬಂತಲ್ಲ?” ಎಂದು ಕೇಳಿ, ನಾನು ತಲೆಯಾಡಿಸಿದ್ದನ್ನು ನೋಡಿ ಸಹಿ ಮಾಡಿದರು. ಅವರಿಗೆ ನನ್ನ ಮೇಲೆ ಅನುಮಾನ ಇರಲಿಲ್ಲ.

ಮೂರು ವಾರಕ್ಕೆ ಸಾಹೇಬರ ಹುಕುಂ ಬಂತು. ಇಂಗ್ಲಿಷಿನಲ್ಲಿ. ಅಪ್ಪ ತೂಗುಮಂಚದ ಮೇಲೆ ಕುಳಿತು ಓದು ಎಂದರು. ನಾನು ಎಲೊಕ್ಯೂಶನ್ ಸ್ಪರ್ಧೆಯ ಹಾಗೆ ನಿಂತು ಓದಿ ಅರ್ಥ ಹೇಳಿದೆ: ತಕರಾರು ಸುಳ್ಳು ಮತ್ತು ದ್ವೇಷದ್ದು. ಬಾಯಾರಿಗೆ ಊರಲ್ಲಿ ವೈರಿಗಳಿದ್ದಾರೆಂದು ಕಾಣುತ್ತದೆ. ಅವರನ್ನು ಮೂಡಲಗಿಯಲ್ಲೇ ಮುಂದುವರಿಸಬೇಕು, ಯಾರೂ ಅವರನ್ನು ಕದಲಿಸಲಾರರೆಂಬ ಭರವಸೆ ಕೊಡಬೇಕು. ಹೆಡ್‌ಮಾಸ್ತರರಿಗೆ ತಾಕೀತು. ಚೌಕಶಿಯ ಸೂಕ್ಷ್ಮತೆಗೆ ಕಮಿಟಿಗೆ ಅಭಿನಂದನೆ.

ತೂಗುಮಂಚ ನಿಂತಿತು.

“ನಾ ಹುಕ್ಕೇರಿ ಅಂತ ಬರದಿದ್ನೆಲ್ಲ. ಅದೆಲ್ಲಿ ಹೋತು?”

“ಅದು ಫೇರ್ ಇರಲಿಲ್ಲಪ್ಪಾ. ನೀವು ಚೌಕಶಿಗಿಂತ ಮೊದಲ ಬರದಿಟ್ಟಿದ್ರಿ. ನಾ ನೋಡೇನಿ.”

“ಬಿಟ್ಟಿ?”

“ಬಿಟ್ಟೆ.”

ಅಪ್ಪ ಕಾಗದ ಇಸಿದುಕೊಂಡು ಮಡಿಸಿದರು. ಅವ್ವ ಒಳಗಿನಿಂದ, “ಇಂಗ್ಲೀಷ್ ಕಲ್ತ ಮ್ಯಾಲ ಕಣ್ಣ ಬಾಳ ಚುರುಕಾಗ್ಯಾವ ನಮ್ಮ ಮಡಮ್ಮಗ” ಎಂದಳು. ಅದು ಹೊಗಳಿಕೆಯೆಂದೇ ನಾನು ತಿಳಿದೆ.

ಮರುವಾರ ಬಾಯಾರೇ ಬಂದರು. ತಿಂಗಳಿಗೊಮ್ಮೆಯ ಪ್ರಯಾಣ, ಗೋಕಾಕದಲ್ಲಿ ಇಳಿದು ಹುಕ್ಕೇರಿಯ ಮೋಟಾರು ಹಿಡಿಯಬೇಕು. ಮಗಳಿಗೆಂದು ಪೇಟೆಯಲ್ಲಿ ಬಣ್ಣದ ಕಟ್ಟಿಗೆಯ ಪೇರಲಹಣ್ಣು ಕೊಂಡಿದ್ದರು. ನೋಡಿದರೆ ಕಚ್ಚಬೇಕೆನಿಸುವಂಥದು. ಅದನ್ನು ಕೈಯಲ್ಲೇ ತಿರುವುತ್ತ ಕುಳಿತರು.

“ಇಂಗ್ಲೀಷ್ ವರದಿ ಬರದಾಕಿ ನೀನ ಏನವಾ?”

“ಹೌದ್ರಿ.”

“ಶಾಣ್ಯಾ ಹುಡುಗಿ.” ನಾನು ಮುಂದಿನ ಮಾತಿಗೆ, ಥ್ಯಾಂಕ್ಸಿಗೆ, ಕಾಯುತ್ತ ನಿಂತೆ. ಅವರು ಅಪ್ಪನ ಕಡೆ ತಿರುಗಿದರು. “ಎರಡು ವಾರ ಕಂಠಪಾಠ ಮಾಡಿಸಿದ್ನಿರಿ ಸಾವಕಾರ್ರ, ಹನ್ನೊಂದೂ ಮಂದಿಗೆ. ನಡಕ ತಡದು ಕೇಳತಾರಂತ ನನ್ನ ತಲ್ಯಾಗ ಬರಲಿಲ್ಲ. ನಮ್ಮ ಸಾಲ್ಯಾಗ ಯಾರೂ ನಡಕ ಕೇಳೂದಿಲ್ಲ ನೋಡ್ರಿ.”

“ನನ್ನ ತಲ್ಯಾಗೂ ಬರಲಿಲ್ಲ ತಂಗಿ” ಎಂದರು ಅಪ್ಪ.

ಅಪ್ಪನಿಗೆ ಗೊತ್ತಿತ್ತು. ಯಾರೂ ಹೇಳಿರಲಿಲ್ಲ, ಲಕೋಟೆಯ ಮುದ್ರೆ ನೋಡಿದಾಗಲೇ ಅವರಿಗೆ ಗೊತ್ತಾಗಿತ್ತು. ಹುಕ್ಕೇರಿಗೆ ಬದಲಿ ಕೇಳಿ ಬಾಯಾರು ಕೊಟ್ಟ ಮೂರು ಅರ್ಜಿಗಳೂ ಅಪ್ಪನ ಕೈಯಿಂದಲೇ ಮೇಲೆ ಹೋಗಿದ್ದವು. ಮೂರಕ್ಕೂ ‘ವಿಚಾರದಲ್ಲಿದೆ’ ಎಂಬ ಉತ್ತರ. ಟ್ರೇನಿಂಗ್ ಆದ ಇನ್ನೊಬ್ಬರು ಮೂಡಲಗಿಗೆ ಹೋಗಲು ಒಪ್ಪುತ್ತಿರಲಿಲ್ಲ, ಹಾಗಾಗಿ ಮೇಲಿನವರು ಇವರನ್ನು ಬಿಡುತ್ತಿರಲಿಲ್ಲ. ಅತ್ತ ಅತ್ತೆಯ ಹಟ: ಮೊಮ್ಮಗಳು ಊರು ಬಿಡುವುದಿಲ್ಲ, ನೀನು ಹುಕ್ಕೇರಿಗೆ ನೌಕರಿ ತಗೊಂಡು ಬಂದರೆ ಮಗಳು ನಿನ್ನವಳು.

“ಅರ್ಜಿ ಕೊಟ್ಟು ಬದಲಿ ಆದವರನ್ನ ನಾ ನೋಡಿಲ್ಲ. ತಕರಾರು ಬಿದ್ದು ಆದವರನ್ನ ಬಾಳ ನೋಡೇನಿ” ಎಂದರು ಬಾಯಾರು, ತಪ್ಪೊಪ್ಪಿಗೆಯ ದನಿಯಲ್ಲಲ್ಲ, ಪಾಠ ಹೇಳುವ ದನಿಯಲ್ಲಿ. “ಹೊಡದ್ನಿ ಬಡದ್ನಿ ಅಂದ್ರ ನೌಕರಿಗೆ ಕುತ್ತು. ಅದಕ್ಕ ಶಾವಿಗಿ ಆರಿಸಿಕೊಂಡ್ನಿ. ಸಣ್ಣ ತಪ್ಪು, ಆದ್ರ ಊರಾಗ ಇಟ್ಕೊಳ್ಳಾಕ ಆಗಬಾರದು, ಅಷ್ಟು.”

“ಹಂಗಾದ್ರ ಇನ್ನೊಂದು ತಕರಾರು ಹಾಕ್ರಿ” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ಸಾಹೇಬರು ವೈರಿಗಳಿದ್ದಾರ ಅಂತ ಬರದಾರಲ್ಲವಾ. ಇನ್ನ ನನ್ನ ಮ್ಯಾಲ ಏನ ಬಂದ್ರೂ ಅದು ವೈರಿಗಳದ. ಗಟ್ಟಿ ಕೆಲಸ ಮಾಡೀ ನೀನು.”

ಎದ್ದು ಹೋಗುವಾಗ ನನ್ನ ತಲೆ ಸವರಿದರು. ಆ ಕೈಯಲ್ಲಿ ಸಿಟ್ಟಿತ್ತೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ.

ಹೆಡ್‌ಮಾಸ್ತರರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಒಮ್ಮೆ ಮಾತ್ರ ಅಪ್ಪನ ಅಂಗಡಿಗೆ ಬಂದು, ಕೊರಳ ಲಿಂಗ ಮುಟ್ಟಿ, “ಯಾವ ಹುಡುಗಿಗೂ ನಾ ಏನೂ ಹೇಳಿಕೊಟ್ಟಿಲ್ರಿ” ಎಂದು ಹೋದರಂತೆ. ನಗಲಿಲ್ಲವಂತೆ.

ಮರುವರ್ಷದ ರಜೆಯಲ್ಲಿ ಅಪ್ಪನಿಗೆ ಹೇಳಿ, ಅವ್ವನನ್ನು ಜೊತೆಗೆ ಹೊರಡಿಸಿಕೊಂಡು ಮೂಡಲಗಿಗೆ ಹೋದೆ. ಕ್ಷಮೆ ಕೇಳಬೇಕೆಂದು. ಬರುತ್ತೇನೆಂದು ಮೊದಲೇ ಕಾರ್ಡು ಹಾಕಿದ್ದೆ. ಬೆಳಗಿನ ಸಾಲೆಯ ಹೊತ್ತು. ಆದರೆ ಸಾಲೆಯಲ್ಲಿ ಯಾರೂ ಇಲ್ಲ. ಬಾಯಾರ ಮನೆಯ ಅಂಗಳದಲ್ಲಿ ಶಾವಿಗೆ ಮಣೆ ಹಾಕಿತ್ತು. ಹುಡುಗಿಯೊಬ್ಬಳು ಮೇಲೆ ಕುಳಿತು ಹೊಸೆಯುತ್ತಿದ್ದಳು, ಇನ್ನೊಬ್ಬಳು ಕೆಳಗೆ ಎಳೆ ಹಿಡಿದಿದ್ದಳು, ಉಳಿದವರು ಕೋಲುಗಳನ್ನು ಬಿಸಿಲಿಗೆ ಹಿಡಿದು ನಿಂತಿದ್ದರು.

“ಬಾಯಾರು ಎಷ್ಟ ದಿನದಿಂದ ನಿಮ್ಮನ್ನ ಹಿಂಗ ಕರಕೊಂಡ ಬರಾಕತ್ತಾರ?” ಎಂದೆ.

“ಎಂಟ ದಿನಾ ಆತ್ರಿ” ಎಂದಳು ಮಣೆಯ ಮೇಲಿನವಳು. “ಮಣಿ ಮೊದಲ ಪಡಸಾಲ್ಯಾಗಿತ್ರಿ, ಗಾಳಿ ಇಲ್ಲಂತ ಹೊರಗ ತಂದ್ವಿ. ಎಳಿ ಹಿಡಿಯಾಕ ಈಕಿ, ನಿನ್ನೆ ಆಕಿ ಇದ್ಲು.”

ನಡುವೆ ತಡೆದು ಕೇಳಿದೆ. ಹುಡುಗಿ ತಡಬಡಿಸಲಿಲ್ಲ. ಯಾವ ಕಡೆಯಿಂದ ಕೇಳಿದರೂ ಉತ್ತರ ಸಿಗುತ್ತಿತ್ತು. ಅವ್ವ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಬಾಯಾರು ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋಗಿ ಕೋಲಿನ ಮೇಲಿನ ಶಾವಿಗೆ ಮುಟ್ಟಿದೆ. ಆ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗಿ ಚಟಚಟ ಮುರಿಯಬೇಕಾದ ಎಳೆಗಳು. ಎಲ್ಲ ಕೋಲಿನ ಎಲ್ಲ ಎಳೆಯೂ ಹಸಿ.

ಎಂಟು ದಿನವಲ್ಲ, ನನ್ನ ಮೋಟಾರು ಬರುವ ಹೊತ್ತಿಗೆ ಹಾಕಿದ ಮಣೆ ಅದು. ಕ್ಷಮೆಯ ಮಾತನ್ನು ಬಿಟ್ಟೆ. ಬೇಕಾಗಿಯೂ ಇರಲಿಲ್ಲ. ಗೋಕಾಕಕ್ಕೆ ಮರಳಿ, ದಿಪೋಟಿ ಸಾಹೇಬರಿಗೆ ನನ್ನ ಸ್ಪಷ್ಟ ಸಹಿ ಹಾಕಿ, ಕಣ್ಣಾರೆ ಕಂಡದ್ದನ್ನು ಕಾನ್ವೆಂಟಿನ ಅತ್ಯುತ್ತಮ ಇಂಗ್ಲಿಷಿನಲ್ಲಿ ಬರೆದೆ: ಸಾಲೆಯ ಹೊತ್ತು, ಅಂಗಳ, ಮಣೆ, ಹನ್ನೊಂದು ಹುಡುಗಿಯರು, ಇಂಥವರು ಆ ಊರಿಗೆ ತಕ್ಕವರಲ್ಲ. ಎಳೆಗಳು ಹಸಿಯಿದ್ದವೆಂಬುದನ್ನು ಬರೆಯಲಿಲ್ಲ. ಈ ಸಲ ಅಪ್ಪ ಇಂಗ್ಲಿಷ್ ಪತ್ರವನ್ನು ಓದಿಸಿ, ಪ್ರತಿ ಸಾಲಿನ ಅರ್ಥ ಕೇಳಿ, ಆಮೇಲೆ ತಾವೇ ಅಂಚೆಗೆ ಹಾಕಿದರು.

ಉತ್ತರ ಬೇಗ ಬಂತು. ಈ ವಿಷಯ ಹಿಂದೆಯೇ ಚೌಕಶಿಯಾಗಿ ತೀರ್ಮಾನವಾಗಿದೆ, ಸುಳ್ಳೆಂದು ಸಿದ್ಧವಾದ ತಕರಾರನ್ನು ಮತ್ತೆ ತೆಗೆಯುವಂತಿಲ್ಲ. ಬರೆದವರ ತಿಳುವಳಿಕೆಗಾಗಿ ಹಿಂದಿನ ವರದಿಯ ಒಂದು ಭಾಗವನ್ನು ನಕಲು ಮಾಡಿ ಲಗತ್ತಿಸಿದ್ದರು. ಟೈಪ್ ಮಾಡಿದ ಅಚ್ಚುಕಟ್ಟಾದ ಒಂದು ಪ್ಯಾರಾಗ್ರಾಫ್. ಮೊದಲ ಸಾಲಿಗೇ ಗೊತ್ತಾಯಿತು, ನನ್ನದು.

ಬಾಯಾರಿಗೆ ಹುಕ್ಕೇರಿ ಸಿಕ್ಕಿತು. ಆ ಉತ್ತರ ಬಂದ ಆರು ವರ್ಷಕ್ಕೆ, ಕೇಳುವುದನ್ನು ಬಿಟ್ಟ ಮೇಲೆ, ಒಂದು ಸಾಮಾನ್ಯ ಬದಲಿಯ ಪಟ್ಟಿಯಲ್ಲಿ. ಅಷ್ಟರಲ್ಲಿ ಅತ್ತೆ ಮೊಮ್ಮಗಳನ್ನು ಕೊಣ್ಣೂರಿಗೆ ಮದುವೆ ಮಾಡಿ ಕೊಟ್ಟಿದ್ದಳು.